ಹಗಲು ಪಾಳಿ

ಡಿಪೋದಿಂದ ಬೆಳಗಿನ ಆರೂವರೆಗೆ ಬರುತ್ತೇನೆ,
ಉಗುರಿನಡಿ ಗ್ರೀಸು, ಕಣ್ಣೊಳಗೆ ಇನ್ನೂ ಆರದ ಟ್ಯೂಬ್‌ಲೈಟು.
ಪೆನ್ಷನ್ ಮೊಹಲ್ಲದ ಈ ಎರಡು ಕೋಣೆಯ ಮಾಳಿಗೆಯಲ್ಲಿ
ಆಗಲೇ ಒಬ್ಬಳು ಎದ್ದು
ಪಾತ್ರೆಗಳನ್ನೆಲ್ಲ ಹೊರಗೆಸೆದು
ಬುಟ್ಟಿಯೊಳಗೆ ತಾನೇ ಕೂತಿದ್ದಾಳೆ.

ಏಳೂಮುಕ್ಕಾಲಿಗೆ ಗಾರ್ಮೆಂಟ್ಸ್ ಬಸ್ಸು.
ರೋಹಿಣಿ ವೇಲಿಗೆ ಪಿನ್ನು ಚುಚ್ಚುತ್ತ
ಮೆಟ್ಟಿಲಿಳಿಯುತ್ತ ಹೇಳುತ್ತಾಳೆ:
ರಾಗಿ ಸರಿ ಮುಚ್ಚಿಟ್ಟಿದೀನಿ,
ಗೋಡೆ ಸುಣ್ಣ ನೆಕ್ಕೋಕೆ ಬಿಡಬೇಡ,
ಹತ್ತಕ್ಕೆ ಮಲಗಿಸು, ನೀನೂ ಮಲಕ್ಕೊ.
ಆ ಕೊನೆ ಮಾತಿಗೆ ಮಗಳು ನಗುತ್ತಾಳೆ.
ನನಗೂ ನಗು ಬರುತ್ತದೆ,
ಆಕಳಿಕೆ ಮೊದಲು ಬರುತ್ತದೆ.

ರೇಷನ್ ಕಾರ್ಡಿನಲ್ಲಿ ಇಂಪನ, ಬೀದಿಗೆಲ್ಲ ಚಿಟ್ಟಿ.
ಒಂದೂಮುಕ್ಕಾಲು ವರ್ಷಕ್ಕೆ ಒಂಬತ್ತು ಮಾತು ಗಳಿಸಿದ್ದಾಳೆ.
ಎಂಟನ್ನು ಜಿಪುಣಿಯಂತೆ ಖರ್ಚು ಮಾಡುತ್ತಾಳೆ,
ಒಂಬತ್ತನೆಯದನ್ನು ದಾನಶೂರಳಂತೆ.
ಎರಡೂ ಅಂಗೈ ಮೇಲಕ್ಕೆ ತೆರೆದು
ಹೆಗಲನ್ನು ಕಿವಿಗೆ ಮುಟ್ಟಿಸಿ
ಇಲ್ಲಾ.

ಸರಿ ಮೂಗಿಗಾಯಿತು, ಹುಬ್ಬಿಗಾಯಿತು, ನನ್ನ ಬನಿಯನ್ನಿಗಾಯಿತು.
ಬಾಯಿಗೆ ಹೋಯಿತೇನೇ?
ಇಲ್ಲಾ.
ಗಾಡಿ ಕೀ?
ಇಲ್ಲಾ.
(ಅಕ್ಕಿ ಡಬ್ಬಿಯಲ್ಲಿದೆ. ನನಗೆ ಗೊತ್ತು,
ನನಗೆ ಗೊತ್ತೆಂದು ಅವಳಿಗೂ ಗೊತ್ತು.)
ಚಡ್ಡಿ?
ಅದು ನಿಜವಾಗಿಯೂ ಇಲ್ಲ.

ಮೂಲೆಯಲ್ಲಿ ಭಾವ ಕಳಿಸಿದ ಅರ್ಧ ಚೀಲ ಆಲೂಗಡ್ಡೆ.
ಒಂದೊಂದನ್ನೇ ಎದೆಗಪ್ಪಿ ತಂದು
ದಿಂಬಿನ ಮೇಲೆ ಸಾಲಾಗಿ ಮಲಗಿಸಿ ತಟ್ಟುತ್ತಾಳೆ.
ಮೊಳಕೆಯೊಡೆದದ್ದರ ಗುಳಿಗೆ ಬೆರಳಿಟ್ಟು
ಕಣ್ಣು, ಎನ್ನುತ್ತಾಳೆ.
ರೈತರೂ ಹಾಗೇ ಅನ್ನುತ್ತಾರೆ, ಯಾರು ಹೇಳಿಕೊಟ್ಟರೋ!
ಹನ್ನೊಂದಕ್ಕೆ ಹದಿನಾರು ಆಲೂಗಡ್ಡೆ ಗಾಢ ನಿದ್ದೆಯಲ್ಲಿವೆ.
ಎಚ್ಚರವಿರುವವರು ನಾವಿಬ್ಬರೇ.

ಆಮೇಲೆ ಅವು ಎದ್ದವು. ಉರುಳಿದವು.
ಕೆಳಗಿನ ಮನೆಯಿಂದ ಸಾಬಿರಾ ಬೀ ಕೂಗಿದರು:
ಏನಪ್ಪಾ, ಮಾಳಿಗೆ ಮೇಲೆ ಲಾರಿ ಓಡಿಸ್ತಿದ್ದೀರಾ?

ಒಂದು ಮಂಚದಡಿಗೆ ಹೋಯಿತು. ಅದೇ ಬೇಕಂತೆ.
ಬೆನ್ನ ಮೇಲೆ ಮಲಗಿ ಒಳಗೆ ಸರಿದೆ, ಬಸ್ಸಿನಡಿಗೆ ಸರಿಯುವ ಹಾಗೆ.
ಹನ್ನೆರಡು ವರ್ಷ ಬಸ್ಸುಗಳ ಹೊಟ್ಟೆ ನೋಡಿದವನು
ನನ್ನದೇ ಮಂಚದ ಹೊಟ್ಟೆ ನೋಡಿರಲಿಲ್ಲ:
ಒಂದು ಬಲೆ, ಒಣಗಿದ ಅಂಟು,
ಹಲಗೆಯ ಮೇಲೆ ಬಡಗಿಯ ಪೆನ್ಸಿಲ್ಲಿನಲ್ಲಿ
ಹೆಣ್ಣಿನ ಕಡೆ, ಮಂಚ ೧, ಬಾಕಿ ೮೦೦.
ಮಾವ ಯಾವತ್ತೂ ಬಾಯಿ ಬಿಟ್ಟಿರಲಿಲ್ಲ.
ತೀರಿಸಿದರೋ, ಯಾರ ಹತ್ತಿರ ಕೇಳಲಿ?

ಪಕ್ಕದಲ್ಲಿ ಸರಸರ ಸದ್ದು. ಅವಳೂ ಬಂದಳು,
ಕೈಯಲ್ಲೊಂದು ಸ್ಟೀಲ್ ಚಮಚ,
ನನ್ನಂತೆಯೇ ಅಂಗಾತ.
ಹಲಗೆಗೆ ಟಕ್ ಟಕ್ ಬಡಿದಳು,
ಕಿವಿಗೊಟ್ಟಳು, ಮತ್ತೆ ಬಡಿದಳು.
ನನ್ನ ಕೆಲಸ ಇವಳು ಎಂದು ನೋಡಿದಳು?

ತಂಪಿತ್ತು. ಸಿಮೆಂಟು ನೆಲ, ಹಳೇ ರಗ್ಗಿನ ವಾಸನೆ.
ಕಣ್ಣು ಮುಚ್ಚಿದ್ದು ನೆನಪಿಲ್ಲ.
ಪುಟ್ಟ ಬೆರಳೊಂದು ರೆಪ್ಪೆ ಎತ್ತಿ ಇಣುಕಿತು:
ಕಣ್ಣು.
ಆಮೇಲೆ ನನ್ನ ಎದೆಯನ್ನು ತಟ್ಟತೊಡಗಿದಳು,
ಹದಿನೇಳನೆಯ ಆಲೂಗಡ್ಡೆಯನ್ನು ತಟ್ಟುವ ಹಾಗೆ,
ಸ್ವಲ್ಪ ಜೋರಾಗಿಯೇ.

ಒಂದು ಗಂಟೆಗೆ ಊಟದ ಬಿಡುವಲ್ಲಿ ರೋಹಿಣಿಯ ಫೋನು,
ಹಿಂದೆ ನೂರು ಹೆಂಗಸರ ಡಬ್ಬಿ ಬಿಚ್ಚುವ ಸದ್ದು.
ಮಗಾ, ಅಪ್ಪ ಮಲಗಿದ್ನಾ?
ಇಡೀ ದಿನದಲ್ಲಿ ಆಗೊಮ್ಮೆ ಮಾತ್ರ ಸತ್ಯ ನುಡಿದಳು.
ಅವಳು ಅಂಗೈ ತೆರೆದದ್ದು ಫೋನಿನಲ್ಲಿ ಕಾಣದು,
ಆದರೂ ಆ ಕಡೆ ನಗು ಕೇಳಿಸಿತು.

ರಾತ್ರಿ ಒಂಬತ್ತೂವರೆ. ಹೊಸಿಲು ದಾಟುವಾಗ
ಬಾಗಿಲ ಮರೆಗೆ ನಿಂತು ಎರಡು ಸಲ ಬೋ ಎಂದೆ.
ಮೂರನೆಯ ಸಲ ಎನ್ನಲಿಲ್ಲ, ಇಳಿದುಬಿಟ್ಟೆ.
ಮೆಟ್ಟಿಲ ಕೊನೆಯವರೆಗೆ ಕೇಳಿಸಿತು
ಇಲ್ಲಾ... ಇಲ್ಲಾ...
ಅಳುವಲ್ಲ, ಹುಡುಕುವ ದನಿ.

ಅರಕಲಗೂಡು ಬಸ್ಸಿನಡಿ ಮಲಗಿದ್ದೇನೆ.
ಆಯಿಲಿನ ಹನಿ ಒಂದು ಹಣೆಗೆ ಬಿತ್ತು.
ದ್ಯಾವೇಗೌಡ ಟಾರ್ಚು ಹಿಡಿದು ಬಗ್ಗಿ
ಹಗಲು ಒಂಚೂರಾದ್ರೂ ಮಲಗಿದ್ಯೇನೋ, ಅಂದ.
ಸ್ಪ್ಯಾನರು ಎದೆಯ ಮೇಲಿಟ್ಟೆ.
ಎರಡೂ ಅಂಗೈ ತಾವಾಗಿಯೇ ತೆರೆದುಕೊಂಡವು.